ಮುಚ್ಚಳ ತೆಗೆಯದ ಸೆನ್ಸರ್

ನಾನು ಫೈರ್ ಅಲಾರ್ಮ್ ನೋಡಿಕೊಳ್ಳುವವನು. ಸುಳ್ಳು ಅಲಾರ್ಮ್ ತಡೆಯುವುದೇ ನನ್ನ ಅರ್ಧ ಕೆಲಸ. ಅಂದು ಬೆಳಿಗ್ಗೆ ಬಡಗಿ ನಾಲ್ಕನೇ ಮಹಡಿಯ ಸ್ಟೋರ್ ರೂಮಿಗೆ ಹೊಸ ಬಾಗಿಲು ಕೂರಿಸುತ್ತಿದ್ದ. ಮರದ ಪುಡಿ ಹೊಗದಿರಲೆಂದು ಅಲ್ಲಿನ ಹೊಗೆ ಸೆನ್ಸರಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ. ಬಡಗಿ ಹೋದ ಮೇಲೆ ತೆಗೆಯಲು ಮರೆತೆ.

ಮಧ್ಯಾಹ್ನ ಮೂರಕ್ಕೆ ಅದೇ ಸೆನ್ಸರ್ ಕೂಗಿತು. ಮುಚ್ಚಿದ ಸೆನ್ಸರಿಗೆ ಹೊಗೆ ತಲುಪುವ ದಾರಿಯೇ ಇಲ್ಲ.

"ಶುರುವಾಯ್ತು ನಿಮ್ಮ ಸಂಗೀತ! ಈಗ ಯಾರೂ ಕುರ್ಚಿ ಬಿಟ್ಟು ಏಳಲ್ಲ ಸಾರ್" ಎನ್ನುತ್ತ ಕಾವಲುಗಾರ ನನ್ನ ಹಿಂದೆ ಮೆಟ್ಟಿಲು ಹತ್ತಿದ.

ಬೀಗ ಹಾಕಿದ ಬಾಗಿಲನ್ನು ಯಾರೋ ಒಳಗಿನಿಂದ ಗುದ್ದುತ್ತಿದ್ದರು. ಗುದ್ದಿಗೊಮ್ಮೆ ಗೋಡೆಯ ಸಿಮೆಂಟ್ ಉದುರುತ್ತಿತ್ತು. ಹಿಡಿಕೆ ಮುಟ್ಟಿದ್ದೇ ನನ್ನ ಅಂಗೈ ಚರ್ಮ ಸುಲಿದು ಅದಕ್ಕೇ ಅಂಟಿಕೊಂಡಿತು. ಒಳಗಿದ್ದವರು ಬೆಂದರೆ ತಪ್ಪು ನನ್ನದೇ.

"ಅಯ್ಯೋ, ಕೀಲಿ ಕೆಳಗಿದೆ ಸಾರ್!"

"ಗೋಡೆ ಮೇಲಿರೋ ಕೊಡಲಿ ತಗೊಳ್ಳಿ ಅಣ್ಣ, ಬೇಗ!"

ನಾಲ್ಕನೇ ಏಟಿಗೆ ಬೀಗ ಮುರಿಯಿತು. ಗುದ್ದು ನಿಂತಿತು. ಕೋಣೆ ಖಾಲಿಯಿತ್ತು, ಕೈಕಾಲು ಮರಗಟ್ಟುವಷ್ಟು ತಣ್ಣಗಿತ್ತು. ಹೊಗೆಯ ವಾಸನೆಯೂ ಇರಲಿಲ್ಲ. ಮುಚ್ಚಳ ನಾನು ಹಾಕಿದ ಹಾಗೇ ಇತ್ತು.

ಬಾಗಿಲಿನ ಒಳಮೈ ಮಾತ್ರ ಎದೆಯೆತ್ತರದಿಂದ ಕೆಳಗೆ ರಕ್ತದಲ್ಲಿ ನೆನೆದಿತ್ತು. ಮರದಲ್ಲಿ ಮೂರು ಉಗುರು ನಾಟಿಕೊಂಡಿದ್ದವು.

ಪೊಲೀಸರು ಕಟ್ಟಡದವರನ್ನೆಲ್ಲ ಎಣಿಸಿದರು, ಬಡಗಿಯನ್ನೂ ಕರೆಸಿ ಬೆರಳು ನೋಡಿದರು. ಒಬ್ಬರೂ ಕಾಣೆಯಾಗಿರಲಿಲ್ಲ, ಯಾರ ಕೈಗೂ ಗಾಯವಿರಲಿಲ್ಲ. ಉಗುರು ಮೂರೂ ಬೇರೆ ಬೇರೆ ಮೂವರದ್ದು ಎಂದು ಪ್ರಯೋಗಾಲಯದ ವರದಿ ಬಂತು. ಅಲಾರ್ಮ್ ಕೂಗಿದಾಗ ಆ ಬಾಗಿಲು ಕೂರಿಸಿ ಬರೀ ಐದು ತಾಸು ಕಳೆದಿತ್ತು.