ಉಮಾಮಹೇಶ್ವರಿಯವರ ರಂಗೋಲಿ ಕೆಡಿಸಿದವರು ಯಾರು?

"ಮೇಡಂ, ಇನ್ಮೇಲೆ ಈ ಮನೆಗೆ ಕಾಲಿಡ್ಬೇಡ ಅಂದ್ಬಿಟ್ರು ಮಾವ. ನಾನೇನೂ ಮಾಡಿಲ್ಲ!"

ಜಯನಗರದ ಪತ್ತೇದಾರಿ ಚೂಡಾಮಣಿಯವರ ಹಜಾರದಲ್ಲಿ ಕೂತು ಶಿಲ್ಪಶ್ರೀ ಗಳಗಳನೆ ಅತ್ತಳು. ಮಹಡಿ ಮನೆಯ ಸುಶ್ರುತನಿಗೆ ಆ ಅಳು ನಾಟಕವೆನಿಸಿತು. ಪತ್ತೇದಾರಿಕೆಯಲ್ಲಿ ಅವನು ಚೂಡಾಮಣಿಯವರಿಗೆ ಜೊತೆಯಾಗಿ ಆರು ವರ್ಷವಾಗಿತ್ತು. ಅಳುವವರನ್ನೆಲ್ಲ ಅನುಮಾನಿಸುವುದು ಅವನ ಚಾಳಿ.

ಅವಳ ಮಾವ, ಕತ್ರಿಗುಪ್ಪೆಯ ಕರಿಬಸವಯ್ಯನವರ ಬಳಿ ಎಂಬತ್ತರ ದಶಕದ ಹೋಮ್ ಕಂಪ್ಯೂಟರೊಂದಿತ್ತು. ತೀರಿಕೊಂಡ ಹೆಂಡತಿ ಉಮಾಮಹೇಶ್ವರಿ ಅದರಲ್ಲಿ ಬಿಡಿಸಿದ್ದ ರಂಗೋಲಿ ಒಂದೇ ಒಂದು ಫ್ಲಾಪಿಯಲ್ಲಿ ಉಳಿದಿತ್ತು. ಶನಿವಾರ ಆಕೆಯ ಅಣ್ಣನ ಮಗಳು ಶಿಲ್ಪಶ್ರೀ ಅದನ್ನು ತೆರೆದು ನೋಡಿ, ಮುಚ್ಚದೆ ಹಾಗೇ ಬಿಟ್ಟು ಸಂಜೆ ಐದಕ್ಕೆ ಹೊರಟಿದ್ದಳು. ಭಾನುವಾರ ನೋಡಿದರೆ ರಂಗೋಲಿಯ ನಡುಭಾಗ ಚಿಂದಿಯಾಗಿತ್ತು. ಆ ಕಂಪ್ಯೂಟರ್ ತನಗೆ ಕೊಡಿ ಎಂದು ಹಿಂದೊಮ್ಮೆ ಕೇಳಿ ಅವಳು ಬೈಸಿಕೊಂಡಿದ್ದಳು ಬೇರೆ.

ಸಂಜೆ ಎಲ್ಲರೂ ಕತ್ರಿಗುಪ್ಪೆಯಲ್ಲಿ ಸೇರಿದರು. ಅದೇ ಯಂತ್ರ ಕೊಳ್ಳಲು ಹಿಂದೆ ಬಿದ್ದಿದ್ದ ಪಕ್ಕದ ಮನೆಯ ವಿಷ್ಣುವೂ ಬಂದಿದ್ದ. ಸುಶ್ರುತ ಅವನನ್ನೂ ದುರುಗುಟ್ಟಿ ನೋಡಿದ.

"ಇವಳು ಹೋದ್ಮೇಲೆ ಏನ್ ಮಾಡಿದ್ರಿ ಸಾರ್?" ಚೂಡಾಮಣಿ ಕೇಳಿದರು.

"ವಿಷ್ಣು ಕೊಟ್ಟಿದ್ದ ಗಡಿಯಾರದ ಪ್ರೋಗ್ರಾಮ್ ಹಾಕ್ದೆ, ಏಳು ಗಂಟೆ ಮಾತ್ರೆ ಮರೀಬಾರ್ದು ಅಂತ. ಆಮೇಲೆ ತೆರೆದಿದ್ದೆಲ್ಲಾ ಸೇವ್ ಮಾಡಿ ಆಫ್ ಮಾಡ್ದೆ. ದಿನಾ ಕರೆಂಟ್ ಹೋಗ್ತಿದ್ದ ಕಾಲದವನು ನಾನು. ಸೇವ್ ಮಾಡ್ದೆ ಎದ್ದೋನೇ ಅಲ್ಲ."

ಚೂಡಾಮಣಿ ಹೇಳಿದಂತೆ ಸುಶ್ರುತ ಫ್ಲಾಪಿಯ ನಕಲನ್ನು ಲ್ಯಾಪ್‌ಟಾಪಿನಲ್ಲಿ ತೆರೆದ. ಚಿತ್ರದ ಮಾಹಿತಿಯ ನಡುವೆ ಅಂಕಿಗಳು ಸಾಲುಗಟ್ಟಿದ್ದವು: 18:05, 18:06, 18:07... ಕೊನೆಗೆ 19:00.

"ಈಗಿನ ಕಂಪ್ಯೂಟರ್‌ನಲ್ಲಿ ಒಂದೊಂದು ಪ್ರೋಗ್ರಾಮ್‌ಗೂ ಬೇರೆ ಕೋಣೆ, ಬಾಗಿಲಿಗೆ ಬೀಗ," ಎಂದರು ಚೂಡಾಮಣಿ. "ಇದು ಏಕಕಾಲಕ್ಕೆ ನಾಲ್ಕು ಕೆಲಸ ಮಾಡುತ್ತೆ, ಆದ್ರೆ ನಾಲ್ಕೂ ಒಂದೇ ಹಜಾರದಲ್ಲಿ. ಮಧ್ಯೆ ಗೋಡೆಯಿಲ್ಲ. ದೋಷವಿದ್ದ ಗಡಿಯಾರ ತನ್ನ ಜಾಗ ಮೀರಿ, ಮೆಮೊರಿಯಲ್ಲಿ ರಂಗೋಲಿ ಇದ್ದ ಜಾಗದಲ್ಲಿ ನಿಮಿಷಕ್ಕೊಂದ್ಸಲ ಹೊತ್ತು ಬರ್ದಿದೆ. ಶುರುವಾಗಿದ್ದು ಆರು ಗಂಟೆ ಮೇಲೆ. ಶಿಲ್ಪಶ್ರೀ ಐದಕ್ಕೇ ಹೋಗಿದ್ಲು. ಆಗ್ಲೂ ಫ್ಲಾಪಿಯಲ್ಲಿದ್ದ ಪ್ರತಿ ಸರಿಯಾಗೇ ಇತ್ತು ಸಾರ್."

ವಿಷ್ಣುವಿನ ಮುಖ ಪೆಚ್ಚಾಯಿತು. "ಅದು ಕೆಟ್ಟಿದೆ ಅಂತ ನಂಗೆ ಗೊತ್ತಿರ್ಲಿಲ್ಲ ಅಂಕಲ್."

"ಹಾಗಾದ್ರೆ ಫ್ಲಾಪಿಯಲ್ಲಿದ್ದಿದ್ದು ಹೇಗೆ ಕೆಡ್ತು?" ಕರಿಬಸವಯ್ಯ ಫ್ಲಾಪಿಯನ್ನು ಕೈಗೆತ್ತಿಕೊಂಡರು.

"ಗಡಿಯಾರದ ಹಿಂದೆ ಮರೆಯಾಗಿದ್ದ ಚಿತ್ರಾನ ನೀವು ನೋಡ್ದೇನೇ ಸೇವ್ ಮಾಡಿದ್ರಿ. ಕೆಟ್ಟಿದ್ದು ಒಳ್ಳೇದರ ಮೇಲೆ ಕೂತ್ಕೊಳ್ತು."

ತಾನೂ ಅನುಮಾನಿಸಿದ್ದಕ್ಕೆ ಸುಶ್ರುತನಿಗೆ ನಾಚಿಕೆಯಾಯಿತು. ಕರಿಬಸವಯ್ಯ ಎದ್ದು ಶಿಲ್ಪಶ್ರೀಯ ಎದುರು ನಿಂತರು.

"ನನ್ ಕೈಯಾರೆ ಕಳ್ಕೊಂಡು ನಿನ್ನ ಬೈದೆ ಕಣಮ್ಮ. ತಪ್ಪಾಯ್ತು."

"ರಂಗೋಲಿ ಯಾರಿಂದ ಹೋದ್ರೂ ನಂಗೂ ಸಂಕಟಾನೇ ಮಾವ," ಎಂದಳು ಅವಳು. "ಆದ್ರೆ ಅತ್ತೆ ಇದ್ದಿದ್ರೆ, ಬೈಯೋಕೆ ಮುಂಚೆ ಒಂದ್ ಮಾತು ನನ್ನ ಕೇಳಿರೋರು."