ಅಮ್ಮಿಯ ಸಬ್ಜಾ ಗಿಡ

"ದಾದಿ, ಇದನ್ನ ನೋಡು. ಸುತ್ತ ಸುಟ್ಟಂಗ ಆಗೇತಿ."

ಸಾನಿಯಾ ಕಿತ್ತು ತಂದ ಎಲೆಯನ್ನು ಅಜ್ಜಿ ಸಕೀನಾಬಿಯ ಅಂಗೈಯಲ್ಲಿಟ್ಟಳು. ಎಲೆಯ ನಡುವೆ ಹಸಿರಿತ್ತು. ಅಂಚು ಮಾತ್ರ ಬೀಡಿ ತಾಗಿಸಿದಂತೆ ಕಂದಿತ್ತು.

ಅದು ಅಮ್ಮಿಯ ಗೋರಿಯ ಮೇಲಿನ ಸಬ್ಜಾ, ಅಂದರೆ ಕಾಮಕಸ್ತೂರಿ ಗಿಡದ ಎಲೆ. ಅಮ್ಮಿಗೆ ಮಣ್ಣು ಕೊಟ್ಟ ಮೇಲೆ ದಾದಿಯೇ ಅಲ್ಲಿ ಬೀಜ ಹಾಕಿಸಿದ್ದಳು. "ಹಸರು ಇರೂ ತನಕ ಗಿಡ ಅಲ್ಲಾಹನ್ನ ನೆನೀತೈತಿ. ನಿಮ್ಮಮ್ಮಿಗೆ ತಂಪಾಗತೈತಿ" ಎಂದಿದ್ದಳು. ಅಂದಿನಿಂದ ನೀರು ಹಾಕುವ ಕೆಲಸ ಸಾನಿಯಾಳದು.

"ಯಾವ ನೀರು ಹಾಕೀದಿ?"

"ಫಿಲ್ಟರ್ ಮನಿ ಹಿಂದಿನ ಪೈಪಿಂದು. ಸುಮ್ನ ಗಟಾರಕ್ಕ ಹೋಗತಿತ್ತು. ನೀರು ಚೆಲ್ಲೂದು ಪಾಪ ಅಂತ ನೀನ ಹೇಳೀದೆಲ್ಲ?"

ದಾದಿ ಎಲೆಯನ್ನು ಮಡಿಲಲ್ಲಿಟ್ಟುಕೊಂಡಳು.

ಸಾನಿಯಾ ಊರಿಗೆ ಕುಡಿಯುವ ನೀರು ಸೋಸಿ ಕೊಡುವ ಫಿಲ್ಟರ್ ಮನೆಗೆ ಓಡಿದಳು. ಅದನ್ನು ನಡೆಸುವ ಶೇಖಪ್ಪ ಬಾಗಿಲಲ್ಲೇ ಕುಳಿತಿದ್ದ.

"ಕಾಕಾ, ಅಮ್ಮಿ ಗಿಡ ಸುಟ್ಟಂಗ ಆಗೇತಿ. ಮದಲೂ ಇದ ನೀರು ಹಾಕತಿದ್ದೆ. ಏನೂ ಆಗಿದ್ದಿಲ್ಲ."

"ಈಗಿಂದು ಬ್ಯಾರೇನ ಆಗೇತವ್ವ. ನಮ್ಮ ಬೋರಿನ ನೀರಾಗ ಬೋರಾನ್ ಅಂತ ಒಂದೈತಿ. ಕಣ್ಣಿಗಿ ಕಾಣಂಗಿಲ್ಲ, ಹೆಚ್ಚಾದ್ರ ಗಿಡ ಸುಡತೈತಿ. ಮಷಿನ್ ಒಳಗಿನ ಜರಡಿಗೆ ಮೆಂಬ್ರೇನ್ ಅಂತಾರ. ಹಳೇದು ಉಪ್ಪು ಹಿಡೀತಿತ್ತು, ಬೋರಾನ್ ಕುಡಿಯೂ ನೀರಿಗೆ ಬಿಡತಿತ್ತು. ಉಗಾದಿಗಿ ಹೊಸಾದು ಹಾಕ್ಯಾರ. ಅದು ಬೋರಾನ್‌ನೂ ಹಿಡೀತೈತಿ."

"ಹಿಡದು ಏನ್ಮಾಡತೈತಿ, ತಿಂತೈತೇನು?"

ಶೇಖಪ್ಪನಿಗೆ ನಗು ಬಂತು. ಅರ್ಧಕ್ಕೇ ನಿಂತಿತು. ಪೈಪಿನ ಪಕ್ಕದ ತನ್ನ ದಾಸವಾಳದ ಕಡೆ ಕೈ ಮಾಡಿದ. ಬರಿಯ ಕಡ್ಡಿ.

"ಹಿಡದಿದ್ದೆಲ್ಲಾ ಈ ಪೈಪಿಗೇ ಬರತೈತಿ. ನಿನಗ ಒಯ್ಯಿ ಅಂದಾಂವ ನಾನ. ನನಗೂ ಗೊತ್ತಿದ್ದಿಲ್ಲ. ನಿನ್ನಿ ಮೆಕ್ಯಾನಿಕ್ ಗಿಡ ನೋಡಿ ಹೇಳಿದ."

"ಅಮ್ಮಿನೂ ಬೋರಾನ್ ನೀರು ಕುಡದಿದ್ಲು."

"ನಾವೆಲ್ಲಾ ಕುಡದೇವಿ. ನಿಮ್ಮಮ್ಮಿ ಹೋಗಿದ್ದು ಜ್ವರಕ್ಕ. ಬ್ಯಾರೆ ಏನೂ ತಲಿಗಿ ಹಚ್ಕೋಬ್ಯಾಡ."

"ಗಿಡ ಉಳೀತೈತಿ?"

ಶೇಖಪ್ಪ ನೆಲ ನೋಡಿದ. "ಬೋರಾನ್ ಮಣ್ಣಾಗ ಇಳದುಬಿಟ್ಟೈತವ್ವ. ಇನ್ನ ದೊಡ್ಡ ಮಳಿ ಬಂದು ತೊಳೀಬೇಕು."

ಮನೆಗೆ ಬಂದಾಗ ದಾದಿ ಕುಡಿಯುವ ಕೊಡದಿಂದ ಕ್ಯಾನಿಗೆ ನೀರು ಬಗ್ಗಿಸುತ್ತಿದ್ದಳು.

"ದಾದಿ, ಅದು ಕುಡಿಯೂ ನೀರು."

"ಹೂಂ. ಒಯ್ಯಿ."

ಖಬರಸ್ತಾನದಲ್ಲಿ ಬಿಸಿಲು ಇಳಿದಿತ್ತು. ಸಾನಿಯಾ ಬಿಸ್ಮಿಲ್ಲಾ ಹೇಳಿ ನೀರೆರೆದಳು. ಮಣ್ಣು ಅಷ್ಟನ್ನೂ ಕುಡಿಯಿತು. ಗಿಡ ಹಾಗೇ ಇತ್ತು. ಮುಟ್ಟಿದರೆ ಎಲೆಗಳ ಸುಟ್ಟ ಅಂಚು ಪುಡಿಯಾಗಿ ಉದುರಿತು.

ಒಣಗಿದ ಹೂವಿನ ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕಿದಳು. ಕರಿ ಎಳ್ಳಿನಂಥ ಬೀಜಗಳು. ಅಲ್ಲೇ ಬಿತ್ತಲು ಬೆರಳಿಂದ ಕುಳಿ ಮಾಡಿದಳು. ಕೈ ತಡೆಯಿತು. ಉಗಾದಿಯಿಂದ ಈ ಮಣ್ಣಿಗೆ ದಿನಾಲೂ ನೀರು ಹೊಯ್ದದ್ದು ಇದೇ ಕೈ.

ಕುಳಿಯನ್ನು ಮೆಲ್ಲಗೆ ಮುಚ್ಚಿದಳು. ಬೀಜಗಳನ್ನು ಓಢಣಿಯ ತುದಿಗೆ ಗಂಟು ಹಾಕಿದಳು. ಮಳೆ ಬರುವ ಹಲಗೇರಿ ಕಡೆಯ ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಮಳಿ ಬರಲಿ, ಅಮ್ಮಿ," ಎಂದಳು. ಗಂಟನ್ನು ಮುಷ್ಟಿಯಲ್ಲಿ ಹಿಡಿದು, ಕತ್ತಲಾಗುವ ಮೊದಲು ಮನೆಯ ದಾರಿ ಹಿಡಿದಳು.