ದಾರಿ ಕೇಳಿದವನು

"ಆಕಿ ಹೆದರಿಲ್ರೀ ಮೇಡಂ."

ಮಾತು ಬಂದದ್ದು ತರಗತಿಯಿಂದಲ್ಲ, ವರಾಂಡದಿಂದ! ಅಲ್ಲಿ ಟೈಲ್ಸ್ ಕೂರಿಸುತ್ತಿದ್ದ ಯುವಕ ಕರಣೆ ಹಿಡಿದೇ ತಲೆಯೆತ್ತಿದ್ದ. ಹುಡುಗರು ಗೊಳ್ಳೆಂದು ನಕ್ಕರು. ಕಾರ್ಕಳದ ಆ ಕಾಲೇಜಿಗೆ ಸೇರಿ ತಿಂಗಳೂ ತುಂಬದ ಉಪನ್ಯಾಸಕಿ ಅಕ್ಷಿತಾಳ ಮುಖ ಕೆಂಪೇರಿತು.

ಅಂದಿನ ಪಾಠ ಒಂದು ಕಥನಕವನ. ದರೋಡೆಕೋರನಿಗೆ ಮನಸ್ಸು ಕೊಟ್ಟ ಹುಡುಗಿ. ಸಂತೆಯಲ್ಲಿ ಅವನನ್ನು ಹಿಡಿದ ಪೊಲೀಸರು ಗುರುತು ಹೇಳೆಂದಾಗ, ಇವನು ಯಾರೋ ಗೊತ್ತಿಲ್ಲ ಎಂದು ಮುಖ ತಿರುಗಿಸುತ್ತಾಳೆ. ಬಿಡುಗಡೆಯಾದವನು ಮನಸ್ಸು ಮುರಿದು, ಮೂರನೇ ದಿನ ತಾನಾಗಿ ಪೊಲೀಸರ ಗುಂಡಿಗೆ ಎದೆಯೊಡ್ಡುತ್ತಾನೆ. ಹುಡುಗಿ ಅಂಜುಬುರುಕಿ, ನಡುನೀರಿನಲ್ಲಿ ಕೈಬಿಟ್ಟಳು ಎಂದು ಅಕ್ಷಿತಾ ತೀರ್ಪು ಕೊಟ್ಟು ಮುಗಿಸಿದ್ದಳು. ತೀರ್ಪು ಕೊಡುವುದು ಎಷ್ಟು ಸುಲಭ, ಅಲ್ಲವೇ?

ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಕೇಳಿದಳು. "ಹೆದರದೆ ಮತ್ತೆಂತ?"

"ಹೌದು ಅಂದಿದ್ದರ ಅಲ್ಲೇ ಕೊಲ್ತಿದ್ರು. ಉಳಿಸಾಕ ಅಂದ ಮಾತದು. ಅವಗ ತಿಳೀಲಿಲ್ಲ, ಅಷ್ಟ."

ಅವನ ಹೆಸರು ಯಮನೂರ. ಕುಷ್ಟಗಿ ಕಡೆಯವನು, ಪಿಯುಸಿ ಮುಗಿಸಿದವನು, ಪರ್ಕಳದಲ್ಲಿ ಬಾಡಿಗೆ ಕೋಣೆ. ಆ ಕವನದಿಂದ ಶುರುವಾದ ಮಾತು ಫೋನಿಗೆ ಬಂತು. ಆಮೇಲೆ ಭಾನುವಾರಗಳಂದು ಕಾಪುವಿನ ಕಡಲ ಬಂಡೆಗಳ ಮೇಲೆ ಕೂತಿತು. ಇದಕ್ಕೆ ಪ್ರೀತಿ ಎಂದು ಹೆಸರಿಡಲು ಇಬ್ಬರಿಗೂ ಭಯ...

ಒಂದು ಭಾನುವಾರ ಅಲ್ಲೇ ಅಕ್ಷಿತಾಳ ತಂದೆ ಸರ್ವೋತ್ತಮರು ಎದುರೇ ಬಂದುಬಿಟ್ಟರು. ಅಪರಿಚಿತನ ಮರ್ಯಾದೆಗೆಂದು ತುಳು ಬಿಟ್ಟು ಕನ್ನಡದಲ್ಲೇ ಕೇಳಿದರು.

"ಯಾರು ಮಗಾ ಇವರು?"

"ಗೊತ್ತಿಲ್ಲ ಅಪ್ಪ. ದಾರಿ ಕೇಳ್ತಿದ್ದಾರೆ."

ಪಾಪ, ಸರ್ವೋತ್ತಮರು ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೈ ತೋರಿಸಿ ವಿವರಿಸಿದರು. ಯಮನೂರ ಕೈಮುಗಿದು, ಅವರು ತೋರಿಸಿದ ದಾರಿಯಲ್ಲೇ ನಡೆದುಹೋದ.

ಆಮೇಲೆ ಫೋನಿಲ್ಲ, ಸಂದೇಶವಿಲ್ಲ. ಹದಿನೈದು ದಿನ ಕಳೆಯಿತು. ಕಡೆಗೆ, ಅವನು ಇವತ್ತು ಊರಿಗೆ ಹೊರಟಿದ್ದಾನೆಂದು ಅವನ ಜೊತೆ ಟೈಲ್ಸ್ ಕೆಲಸ ಮಾಡುವ ಬಾಲಪ್ಪ ಹೇಳಿದ. ಅವಳು ಉಡುಪಿಯ ಬಸ್ ನಿಲ್ದಾಣಕ್ಕೆ ಓಡಿದಳು.

ಅವನನ್ನು ಕಂಡದ್ದೇ ಅಳು ಒತ್ತರಿಸಿ ಬಂತು.

"ಯಾಕ ಅಳ್ತೀರಿ? ಅವತ್ತು ನೀವು ನನ್ನ ಉಳಿಸಿದ್ರಿ. ಗೊತ್ತೈತಿ ನನಗ."

ಹೌದು ಎಂದುಬಿಟ್ಟರೆ ಮುಗಿಯಿತು... ಕವನದ ಹುಡುಗಿಯಷ್ಟೇ ದೊಡ್ಡವಳಾಗಿ ಮನೆಗೆ ಹೋಗಬಹುದಿತ್ತು. ಆದರೆ ನಾಲಿಗೆ ಒಪ್ಪಲಿಲ್ಲ.

"ಅಲ್ಲ ಯಮನೂರ. ಅಪ್ಪ ನಿಮಗೆ ಎಂತ ಮಾಡ್ತಿದ್ರು? ಏನೂ ಇಲ್ಲ. ನಿಮ್ಮ ಕೆಲಸ ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು."

ಅವನು ಚೀಲ ಎತ್ತಿ ಹೆಗಲಿಗೇರಿಸಿದ.

"ಅದೂ ಗೊತ್ತಿತ್ರಿ. ಉಳಿಸಿದ್ರಿ ಅಂದುಕೊಂಡರ ಮುಂಜಾನೆದ್ದು ಕೆಲಸಕ್ಕ ಹೋಗಾಕ ಆಗ್ತಿತ್ತು."

ಹೋಗಬೇಡಿ ಎಂದು ಬೇಡಿದಳು. ಅವನು ತಲೆಯಾಡಿಸಿ ಬಸ್ಸು ಹತ್ತಿ ಕಿಟಕಿಯ ಬಳಿ ಕೂತ.

"ಮನ್ಯಾಗ ನನ್ನ ಹೆಸರು ಹೇಳಿ ಕರೀರಿ. ಬರ್ತೀನಿ."

"ಧೈರ್ಯ ಬಾರದಿದ್ರೆ?"

"ಆಕಿ ಉಳಿಸಿದಳು ಅಂತನ ಆ ಕವನ ಓದ್ಕೊಂಡು ಇರ್ತೀನಿ."

ಕಂಡಕ್ಟರ್ ಸೀಟಿ ಊದಿದ. ಅವಳು ಕಿಟಕಿಯ ಸರಳು ಬಿಡಲಿಲ್ಲ.

"ಹಾಗೆ ಓದ್ಬೇಡಿ. ಇವತ್ತೇ ಹೇಳ್ತೇನೆ."

ಅವನ ಒರಟು ಅಂಗೈ ಅವಳ ಬೆರಳುಗಳನ್ನು ಮುಚ್ಚಿತು. ಅವನ ಕಣ್ಣೂ ತುಂಬಿತ್ತು.

"ನಿಧಾನಕ್ಕ ಹೇಳ್ರಿ ಮೇಡಂ," ಎಂದ. "ಆದರ ಹೇಳ್ರಿ."